ಕೊಂಕಕ್ಕನ ಬಾಗಿಲ ಮಾತು

ಬೀಗಕ್ಕೆ ಕೀಲಿಕೈ ತೂರಿಸಿ, ತಿರುಗಿಸದೆ ಹಾಗೇ ಹಿಡಿದುಕೊಂಡು ನಿಲ್ಲುವುದು ಅವಳ ಅಭ್ಯಾಸ. ಮನೆ ನೋಡಲು ಬಂದವರು ಬೆನ್ನ ಹಿಂದೆ ನಿಂತು, ಬಾಗಿಲು ಇನ್ನೇನು ತೆರೆಯಿತು ಎಂದು ಕಾಯುತ್ತಿರುತ್ತಾರೆ. ಅವರ ಮಕ್ಕಳು ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕುತ್ತಿರುತ್ತವೆ. ಆಗ ಅವಳು ನಿಧಾನವಾಗಿ ತಿರುಗಿ, "ಒಳಗೆ ಹೋಗೋ ಮುಂಚೆ ಒಂದು ಮಾತು," ಎನ್ನುತ್ತಾಳೆ.

ಆ ಒಂದು ಮಾತು ಯಾವಾಗಲೂ ಮನೆಯ ಕುಂದು.

"ಅಡುಗೆಮನೆಗೆ ಮಧ್ಯಾಹ್ನದ ಮೇಲೆ ಬೆಳಕು ಬರಲ್ಲ. ಹಗಲಲ್ಲೂ ದೀಪ ಹಾಕ್ಕೊಂಡೇ ಒಲೆ ಹಚ್ಚಬೇಕು."

"ಮೇಲಿನ ಮನೆಯವರು ಕುರ್ಚಿ ಎಳೆದ್ರೆ ನಿಮ್ಮ ತಲೆ ಮೇಲೇ ಎಳೆದ ಹಾಗಿರುತ್ತೆ. ಅವರ ಮನೇಲಿ ಕುರ್ಚಿ ಜಾಸ್ತಿ."

"ಪಕ್ಕದ ಮನೆಯವರು ಬೆಳಗ್ಗೆ ಎದ್ದು ಕಹಳೆ ಊದೋ ಅಭ್ಯಾಸ ಮಾಡ್ತಾರೆ. ಇನ್ನೂ ಕಲೀತಿದ್ದಾರೆ."

ಇದನ್ನು ಹೇಳಿದ ಮೇಲೆಯೇ ಕೀಲಿ ತಿರುಗುವುದು. ಕೆಲವರು ಅಲ್ಲಿಂದಲೇ ಕಾಲು ಕೀಳುತ್ತಾರೆ. ಹೆಚ್ಚಿನವರು ಒಳಗೆ ಬರುತ್ತಾರೆ. ಬಂದವರು ಯಾಕೋ ಹಗುರವಾಗಿ ನಡೆಯುತ್ತಾರೆ. ಕಹಳೆಯ ಪಕ್ಕದ ಮನೆಯನ್ನು ಕೊಂಡದ್ದು ಬ್ಯಾಂಡಿನಲ್ಲಿ ದುಡಿದು ನಿವೃತ್ತನಾಗಿದ್ದ ಒಬ್ಬ ಮುದುಕ. ಅವನು ಎರಡೇ ವಾರದಲ್ಲಿ ಬೇಸತ್ತು, ಪಕ್ಕದವನನ್ನು ತಾರಸಿಗೆ ಕರೆದು ಪಾಠ ಶುರುಮಾಡಿದ. ಈಗ ಆ ಬೀದಿಯಲ್ಲಿ ಎರಡು ಕಹಳೆ.

ಮನೆ ಕೊಡಿಸುವ ಉಳಿದ ಬ್ರೋಕರುಗಳು ಅವಳಿಗೆ ಕೊಂಕಕ್ಕ ಎಂದು ಹೆಸರಿಟ್ಟರು. ಮಾರಬೇಕಾದ ವಸ್ತುವಿನಲ್ಲೇ ಕೊಂಕು ತೆಗೆಯುವವಳಿಗೆ ಇನ್ನೇನೆಂದು ಕರೆಯಬೇಕು? ಹೆಸರು ಅಂಟಿಕೊಂಡಿತು. ಕೊನೆಗೆ ಅವಳೇ ಫೋನೆತ್ತಿ, "ಹಲೋ, ಕೊಂಕಕ್ಕ ಮಾತಾಡ್ತಿರೋದು," ಎನ್ನುವಷ್ಟು ಅದು ಅವಳದಾಯಿತು.

ಈ ಕೆಲಸಕ್ಕೆ ಅವಳು ಇಳಿದದ್ದೂ ಹಾಗೇ, ಯಾರೂ ಗಮನಿಸದ ಹಾಗೆ. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಮುಖ ನೋಡುತ್ತಿರಲಿಲ್ಲ. ಊರು ಬಿಟ್ಟು ಹೋಗುವ ನೆರೆಯವರು ಮನೆಯ ಕೀಲಿಯನ್ನು ಅವಳ ಕೈಗಿಟ್ಟು ಹೋಗುವರು. ಅವಳು ಹೋಗಿ ಕಿಟಕಿ ತೆರೆದು ಗಾಳಿಯಾಡಿಸಿ, ಗಿಡಗಳಿಗೆ ನೀರು ಹಾಕಿ, ನಲ್ಲಿ ಬಿಟ್ಟು ತುಕ್ಕು ನೀರು ಹರಿಸಿ ಬರುವಳು. ಜನರಿಲ್ಲದ ಮನೆ ತನ್ನ ಸ್ವಭಾವವನ್ನು ಮುಚ್ಚಿಡುವುದಿಲ್ಲ. ಯಾವ ಗೋಡೆ ಬೆವರುತ್ತದೆ, ಯಾವ ಬಾಗಿಲು ಮಳೆಗಾಲಕ್ಕೆ ಊದಿಕೊಂಡು ಮುನಿಯುತ್ತದೆ ಎಲ್ಲ ಅವಳಿಗೆ ತಿಳಿಯುತ್ತಾ ಹೋಯಿತು. ಮನೆ ನೋಡಲು ಯಾರೋ ಬಂದಾಗ ಅದನ್ನೇ ಹೇಳಿದಳು. ಮಗುವನ್ನು ಒಂದು ಹೊತ್ತಿನ ಮಟ್ಟಿಗೆ ಬೇರೆಯವರ ಮಡಿಲಿಗೆ ಹಾಕುವ ತಾಯಿ, ಇದಕ್ಕೆ ನಿದ್ದೆ ಬಂದರೆ ಹೀಗೆ ಹಟ ಮಾಡುತ್ತೆ ಎಂದು ಹೇಳುವುದಿಲ್ಲವೇ, ಹಾಗೆ. ಮನೆಯೊಡೆಯ ಕೆಂಡವಾದ. ಬಂದವರು ಮಾತ್ರ, "ಇಷ್ಟೇ ತಾನೇ ಇದರ ತೊಂದರೆ?" ಎಂದು ಅಲ್ಲೇ ನಿಂತು ಮಾತು ಮುಗಿಸಿದರು.

ಹಾಗಾಗಿ ಇದನ್ನು ಅವಳು ಎಂದೂ ಸತ್ಯದ ವ್ರತವೆಂದು ಕೊಚ್ಚಿಕೊಳ್ಳಲಿಲ್ಲ. ಯಾರಾದರೂ ಹೊಗಳಿದರೆ ಮುಜುಗರಪಟ್ಟುಕೊಳ್ಳುತ್ತಿದ್ದಳು. "ಮೊದಲೇ ಹೇಳಿದ್ರೆ ಅದು ಮನೆ ಗುಣ. ಆಮೇಲೆ ಗೊತ್ತಾದ್ರೆ ಮೋಸ. ಅದೇ ಗೋಡೆ, ಅದೇ ಬಿರುಕು. ನನಗೇನು ಕಷ್ಟ ಮೊದಲು ಹೇಳೋಕೆ?" ಎನ್ನುವಳು.

ಇನ್ನೊಂದು ನಿಯಮವೂ ಅವಳಿಗಿತ್ತು. ಇದು ಜನರ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ. ಮನೆಯ ಮಾತನ್ನು ಹೇಳುತ್ತಿದ್ದಳು. ಮನೆಯವರ ಮಾತನ್ನು ಹೇಳುತ್ತಿರಲಿಲ್ಲ. ಯಾಕೆ ಮಾರುತ್ತಿದ್ದಾರೆ, ಒಳಗೆ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಕೊಳ್ಳುವವರು ಎಷ್ಟು ಅವಸರದಲ್ಲಿದ್ದಾರೆ ಎಂಬುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು. ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವ ಪದ್ಧತಿಯೂ ಅವಳಿಗಿರಲಿಲ್ಲ. ಮೊದಲು ಯಾರು ಕರೆದರೋ ಅವರ ಕಡೆಯಿಂದ ಮಾತ್ರ. ಊರಿಗೆಲ್ಲ ಮನೆ ಕೊಡಿಸಿದ ಅವಳು ಮಾತ್ರ ಬಾಡಿಗೆ ಮನೆಯಲ್ಲೇ ಇದ್ದಳು. ಅದರ ನಡುಮನೆಯ ಕಿಟಕಿಗೆ ಒಡೆದ ಗಾಜಿನ ಬದಲು ಒಂದು ರಟ್ಟಿತ್ತು.

"ಗಾಜಿನ ಅಂಗಡಿಯವನ ಅಕ್ಕನ ಮನೆ ನೋಡು!" ಎಂದು ಲಾರಿಯಿಂದಿಳಿದು ಬಂದಾಗಲೆಲ್ಲ ಗಂಡ ನಗುತ್ತಿದ್ದ.

ತಮ್ಮನಿಗೆ ಗಾಜಿನ ಅಂಗಡಿ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವಳೇ. ಕಿಟಕಿಗೆ, ಕನ್ನಡಿಗೆ, ಚಿತ್ರದ ಚೌಕಟ್ಟಿಗೆ ಗಾಜು ಕತ್ತರಿಸಿ ಕೊಡುವುದು ಅವನ ಕೆಲಸ. ಅಳತೆಪಟ್ಟಿಯ ಗುಂಟ ಕತ್ತರಿಯ ಸಣ್ಣ ಚಕ್ರವನ್ನು ಒಂದೇ ಉಸಿರಿಗೆ ಎಳೆಯುವನು. ಕಾಗದ ಹರಿದಂಥ ಒಂದು ಸದ್ದು. ಆಮೇಲೆ ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದರೆ ಗಾಜು ಮಾತು ಕೇಳಿದ ಮಗುವಿನಂತೆ ಎರಡಾಗುವುದು. ಅದನ್ನು ನೋಡುವುದೆಂದರೆ ಅಕ್ಕನಿಗೆ ಇಷ್ಟ.

ಒಂದು ಮಧ್ಯಾಹ್ನ ಅವನು ಅವಳನ್ನು ಅಂಗಡಿಗೆ ಕರೆಸಿ, ಶಟರನ್ನು ಅರ್ಧಕ್ಕೆ ಎಳೆದ.

"ನೋಡು," ಎಂದವನೇ ಒಂದು ತುಂಡು ಗಾಜಿನ ಮೇಲೆ ಗೆರೆ ಎಳೆದ. ಸದ್ದು ನಡುವೆ ಎರಡು ಕಡೆ ತಡವರಿಸಿತು. ಒತ್ತಿದಾಗ ಬಿರುಕು ಗೆರೆಯನ್ನು ಬಿಟ್ಟು ತನಗೆ ಬೇಕಾದ ದಾರಿ ಹಿಡಿದು ಮೂಲೆಗೆ ಹೋಯಿತು. ಎರಡೂ ಚೂರುಗಳನ್ನು ಅವನು ಮೇಜಿನ ಕೆಳಗಿನ ಡಬ್ಬಕ್ಕೆ ಹಾಕಿದ. ಡಬ್ಬ ಆಗಲೇ ತುಂಬಿತ್ತು.

ಅವಳು ಅವನ ಬಲಗೈ ನೋಡಿದಳು. ಬೆರಳುಗಳು ಮೇಜಿನ ಮೇಲೆ ಸಣ್ಣಗೆ, ಬಿಡದೆ ನಡುಗುತ್ತಿದ್ದವು.

"ಯಾವಾಗಿಂದ?"

"ತುಂಬಾ ದಿನ ಆಯ್ತು. ಮೊದಲು ಚಹಾ ಕುಡಿಯೋವಾಗ ಮಾತ್ರ ಇತ್ತು. ಲೋಟಕ್ಕೆ ಗೊತ್ತಾಗ್ತಿತ್ತು, ನನಗೆ ಗೊತ್ತಾಗ್ತಿರಲಿಲ್ಲ."

"ಡಾಕ್ಟರು ಏನಂತಾರೆ?"

"ಹೋಗೋ ನಡುಕ ಅಲ್ವಂತೆ. ಇದರ ಜೊತೇಲೇ ಇರೋದು ಕಲೀಬೇಕಂತೆ." ಅವನು ಕೈಯನ್ನು ಜೇಬಿಗೆ ಸೇರಿಸಿದ. "ಗಾಜು ಕತ್ತರಿಸೋ ಮೆಷಿನ್ ಬರುತ್ತಕ್ಕ. ಅಳತೆ ಇಟ್ಟು ಗುಂಡಿ ಒತ್ತಿದ್ರೆ ಆಯ್ತು, ಕೈ ಗಟ್ಟಿ ಇರಬೇಕು ಅಂತೇನಿಲ್ಲ. ಅದನ್ನ ತಗೋಬೇಕು ಅಂದ್ರೆ ಮನೆ ಮಾರಬೇಕು. ನಾನೂ ನನ್ನ ಹೆಂಡತೀನೂ ಈ ಅಂಗಡಿ ಮೇಲಿನ ಕೋಣೇಲಿ ಇರ್ತೀವಿ."

"ಸರಿ."

"ಕೈ ವಿಷಯ ಹೊರಗೆ ಹೋಗಬಾರದು. ನಡುಗೋ ಕೈಗೆ ಯಾರು ಗಾಜಿನ ಕೆಲಸ ಕೊಡ್ತಾರೆ? ಮನೆ ಕೊಳ್ಳೋರೂ ಅಷ್ಟೇ, ಇವನಿಗೆ ಬೇರೆ ದಾರಿ ಇಲ್ಲ ಅಂತ ಹಿಂಡಿಬಿಡ್ತಾರೆ."

"ನನ್ನ ಬಾಯಿಂದ ಹೋಗಲ್ಲ."

ಅವನು ಎಡಗೈಯಿಂದ ಮೇಜಿನ ಮೇಲಿನ ಗಾಜಿನ ಪುಡಿ ಗುಡಿಸಿದ. "ಮತ್ತೆ ಅಕ್ಕ... ಇದೊಂದು ಮನೆಗೆ ಬಾಗಿಲ ಮಾತು ಬೇಡ."

ಅವಳಿಗೆ ಅರ್ಥವಾಯಿತು. ಆ ಮನೆಯನ್ನು ಅವನಿಗೆ ಕೊಡಿಸಿದವಳು ಅವಳೇ. ಅಂದು ಕೀಲಿ ಹಿಡಿದು ನಿಂತಾಗ ಹೇಳಲು ಏನೂ ಸಿಗದೆ, "ಗೇಟು ಕಿರುಗುಟ್ಟುತ್ತೆ ಕಣೋ," ಎಂದಿದ್ದಳು. ಆಗ ರಸ್ತೆಯಿಂದ ಬಾಗಿಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ರಸ್ತೆಗೆ ಟಾರು ಹಾಕಿದರು, ಹಳೆಯದನ್ನು ಕೀಳದೆ ಅದರ ಮೇಲೆ ಮತ್ತೆ ಹಾಕಿದರು, ಮತ್ತೂ ಹಾಕಿದರು. ರಸ್ತೆ ಒಂದೊಂದೇ ಮೆಟ್ಟಿಲನ್ನು ನುಂಗಿತು. ಗೇಟಿನ ಕಾಲು ಹೂತುಹೋಗಿ ಅದರ ಕಿರುಗುಟ್ಟುವಿಕೆಯೂ ನಿಂತಿತು. ಮಳೆ ಜೋರಾದರೆ ಈಗ ರಸ್ತೆಯ ನೀರು ಹೊಸ್ತಿಲು ದಾಟುತ್ತದೆ, ಬಚ್ಚಲಿನ ತೂಬಿನಿಂದಲೂ ಮೇಲೇಳುತ್ತದೆ. ಹಿಂದಿನ ಮಳೆಗಾಲದಲ್ಲಿ ಅವಳೂ ಸೀರೆ ಎತ್ತಿ ಕಟ್ಟಿ, ಹಿಂಬದಿಯ ಕೋಣೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕಿದ್ದಳು. ಮಂಚ ಇಟ್ಟಿಗೆಗಳ ಮೇಲೆ ನಿಂತಿತ್ತು. "ಅತ್ತಿಗೆ, ಬಾಡಿಗೆಗೆ ದೋಣಿ ಸಿಗುತ್ತಾ ನೋಡಿ, ಅದಕ್ಕೂ ಕಮಿಷನ್ ಕೊಡ್ತೀನಿ," ಎಂದು ತಮ್ಮನ ಹೆಂಡತಿ ಬಕೆಟ್ಟು ದಾಟಿಸುತ್ತಾ ನಗಿಸಿದ್ದಳು. ನೀರು ಇಳಿದ ಮೇಲೆ ಗೋಡೆಯಲ್ಲಿ ಒಂದು ಕಂದು ಗೆರೆ ಉಳಿದಿತ್ತು.

ಈಗ ಆ ಗೆರೆಯ ಮೇಲೆ ಹೊಸ ಬಣ್ಣ ಬಂದಿದೆ. ಬೇಸಿಗೆ. ಯಾರಿಗೂ ಏನೂ ಕಾಣುವುದಿಲ್ಲ.

"ಹಾಗಾದ್ರೆ ನಾನು ತೋರಿಸಲ್ಲ," ಎಂದಳು. "ಸಕ್ಕರೆಗೆ ಹೇಳು. ಅವನು ತೋರಿಸಲಿ. ನಾನು ಆ ಕಡೆ ತಲೆ ಹಾಕಲ್ಲ."

ತಮ್ಮನ ಮುಖ ಸಡಿಲಾಯಿತು. ಅವಳಿಗೂ ಹಗುರವೆನಿಸಿತು. ಸುಳ್ಳಾಡಲಿಲ್ಲ, ತಮ್ಮನ ಹೊಟ್ಟೆಯ ಮೇಲೂ ಹೊಡೆಯಲಿಲ್ಲ. ದೂರ ನಿಂತರೆ ಸಾಕು ಎಂದುಕೊಂಡಳು.

ಸಕ್ಕರೆ ಎನ್ನುವವನು ಅದೇ ಬೀದಿಯ ಇನ್ನೊಬ್ಬ ಬ್ರೋಕರು. ಕತ್ತಲೆ ಕೋಣೆಯನ್ನು ತಂಪು ಎನ್ನುವನು. ಕೈಚಾಚಿದರೆ ಎರಡೂ ಗೋಡೆ ಸಿಗುವ ಕೋಣೆಯನ್ನು ಅಚ್ಚುಕಟ್ಟು ಎನ್ನುವನು. ಎದುರಿಗೇ ಗ್ಯಾರೇಜಿದ್ದರೆ, ಇಲ್ಲಿ ಒಂಟಿತನ ಅನ್ನೋದೇ ಇರಲ್ಲ ಎನ್ನುವನು. ಸುಳ್ಳುಗಾರನಲ್ಲ. ನಿಜಕ್ಕೆ ಸ್ವಲ್ಪ ಹೆಚ್ಚೇ ಬಟ್ಟೆ ತೊಡಿಸಿ ಕಳಿಸುವವನು. ಖಾಲಿಯಾಗಿ, ಬಣ್ಣ ಬಳಿದುಕೊಂಡು ನಿಂತಿದ್ದ ಆ ಮನೆಯ ಕೀಲಿ ಅವನ ಜೇಬು ಸೇರಿತು.

ಆದರೆ ಕೊಂಕಕ್ಕ ಒಂದನ್ನು ಮರೆತಿದ್ದಳು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಮಾತಾಡಿದವಳು ಒಂದು ಬಾಗಿಲಿನ ಹತ್ತಿರ ಸುಳಿಯದೇ ಇದ್ದರೆ, ಅದನ್ನು ಕೂಡ ಜನ ಕೇಳಿಸಿಕೊಳ್ಳುತ್ತಾರೆ.

"ಅಕ್ಕಾ, ನಿನ್ನ ಬಾಯಿಗಿಂತ ನಿನ್ನ ಮೌನ ದುಬಾರಿ," ಎಂದ ಸಕ್ಕರೆ, ಚಹಾದ ಅಂಗಡಿಯ ಬೆಂಚಿನ ಮೇಲೆ ಅವಳ ಪಕ್ಕ ಕುಸಿಯುತ್ತಾ. "ಬಂದೋರೆಲ್ಲ ಒಂದೇ ಪ್ರಶ್ನೆ. ಸ್ವಂತ ತಮ್ಮನ ಮನೆ, ಕೊಂಕಕ್ಕ ಯಾಕೆ ತೋರಿಸ್ತಿಲ್ಲ? ಏನೋ ಇರಬೇಕು."

"ನೀನೇನಂದೆ?"

"ಅವಳಿಗೆ ಕೆಲಸ ಜಾಸ್ತಿ ಅಂದೆ. ನೀನಿಲ್ಲಿ ಚಹಾ ಹೀರ್ತಾ ಕೂತಿರೋದನ್ನ ಅವರು ನೋಡ್ಕೊಂಡೇ ಬಂದಿದ್ರು!" ಅವನು ತಲೆಯ ಮೇಲೆ ಕೈ ಹೊತ್ತ. "ಒಬ್ರು ಕೋರ್ಟಿನಲ್ಲಿ ಕೇಸಿದೆಯಾ ಅಂದ್ರು. ಇನ್ನೊಬ್ರು ಮನೆ ಕೆಳಗೆ ಸ್ಮಶಾನ ಇತ್ತಂತೆ ಅಂದ್ರು. ನಿನ್ನೆ ಬಂದೋಳಂತೂ ಒಳಗೇ ಬರಲಿಲ್ಲ. ಗೇಟಿನ ಹತ್ರ ನಿಂತು ಮೂಸಿ ನೋಡಿ ಹೋದಳು ಕಣಕ್ಕ. ನಾಯಿ ಮೂಸಿದ ಹಾಗೆ!"

ಕೊಂಕಕ್ಕನಿಗೆ ನಗು ಬರಲಿಲ್ಲ.

ತಮ್ಮನ ಹೆಂಡತಿ ಆ ಸಂಜೆಯೇ ಬಂದಳು. ಕೂರು ಎಂದರೆ ಕೂರಲಿಲ್ಲ. "ಮಾತಾಡಿದ್ರೂ ಕೆಡಿಸ್ತೀರಿ ಅತ್ತಿಗೆ, ಸುಮ್ಮನಿದ್ರೂ ಕೆಡಿಸ್ತೀರಿ. ಇವತ್ತು ಒಂದು ದೊಡ್ಡ ಕನ್ನಡಿ ಒಡೆದ್ರು. ಗಿರಾಕಿ ಎದುರಿಗೇ. ಕಾಲು ಜಾರಿತು ಅಂತ ಸುಳ್ಳು ಹೇಳಿದ್ದು ನಾನು. ಇನ್ನೆಷ್ಟು ದಿನ ಅವರ ಕಾಲು ಜಾರಿಸ್ತಾ ಇರಲಿ?" ಎಂದವಳೇ ಸೆರಗಿನಲ್ಲಿ ಮುಖ ಒತ್ತಿಕೊಂಡು ಹೊರಟುಹೋದಳು. ರಟ್ಟು ಹಾಕಿದ ಕಿಟಕಿಯ ಕೆಳಗೆ ಕೊಂಕಕ್ಕ ದೀಪ ಹಾಕದೆ ಕೂತಿದ್ದಳು.

ಇಷ್ಟರಲ್ಲಿ ನರ್ಸ್ ಬಂದಳು.

ಅವಳು ಕೊಂಕಕ್ಕನ ಹಳೆಯ ಗಿರಾಕಿ. ಆಸ್ಪತ್ರೆಯ ಕೆಲಸ ಮುಗಿಸಿ, ಅದೇ ಬಿಳಿ ಬಟ್ಟೆಯಲ್ಲಿ, ತಿಂಗಳುಗಳಿಂದ ಮನೆ ಹುಡುಕುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ: ಮೆಟ್ಟಿಲಿಲ್ಲದ ಮನೆ. ಅವಳ ತಂದೆಯ ಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಗಾಲಿಕುರ್ಚಿಯಲ್ಲಿ ಇರುತ್ತಿದ್ದರು. ಈಗಿನ ಮನೆ ಎರಡನೆಯ ಮಹಡಿಯಲ್ಲಿ. ಕೆಳಗಿಳಿಯಬೇಕಾದರೆ ನೆರೆಯ ಗಂಡಸರು ಕುರ್ಚಿಸಮೇತ ಹೊರಬೇಕು. ಆ ಮುದುಕರು ಅಂಚೆ ಹಂಚಿ ಬದುಕಿದವರು. "ಊರಿನವರ ಮೆಟ್ಟಿಲೆಲ್ಲಾ ಹತ್ತಿ ಮುಗಿಸಿದ್ದೀನಿ ತಾಯಿ. ನನ್ನ ಮನೆಗೂ ಮೆಟ್ಟಿಲು ಬೇಕಾ?" ಎಂದು ಕೊಂಕಕ್ಕನ ಮುಂದೆ ನಕ್ಕಿದ್ದರು. ಈಗಿನ ಮನೆಯನ್ನು ಬೇಗ ಬಿಡಬೇಕಾಗಿದೆ, ಸರಿಯಾದದ್ದು ಸಿಕ್ಕರೆ ಕೇಳಿದಷ್ಟು ಕೊಟ್ಟುಬಿಡುತ್ತೇನೆ ಎಂದು ಮಗಳು ಗುಟ್ಟಾಗಿ ಹೇಳಿದ್ದಳು. ಅದೂ ಕೊಂಕಕ್ಕನ ಕಿವಿಯಲ್ಲಿ ಬಿದ್ದು ಉಳಿದ ಮಾತುಗಳಲ್ಲಿ ಒಂದು.

"ಸಿಕ್ತು ಅಕ್ಕ!" ಎಂದಳು ನರ್ಸ್ ಬಾಗಿಲಲ್ಲೇ. "ನಿಮ್ಮ ತಮ್ಮನ ಮನೆಯಂತೆ, ನೀವು ಹೇಳಲೇ ಇಲ್ವಲ್ಲ! ರಸ್ತೆಯಿಂದ ಸೀದಾ ಒಳಗೆ. ಒಂದು ಮೆಟ್ಟಿಲಿಲ್ಲ. ಅಪ್ಪ ಕುರ್ಚೀಲಿ ತಾವೇ ಗಾಲಿ ತಿರುಗಿಸ್ಕೊಂಡು ಹೊಸ್ತಿಲು ದಾಟಿದ್ರು. ಎಷ್ಟು ವರ್ಷ ಆಗಿತ್ತೋ ಅವರು ತಾವಾಗಿ ಒಂದು ಮನೆ ಒಳಗೆ ಹೋಗಿ."

ಕೊಂಕಕ್ಕ ಅವಳ ಮುಖವನ್ನೇ ನೋಡಿದಳು.

"ಜನ ಏನೇನೋ ಅಂತಾರೆ. ನಾನು ನಂಬಲ್ಲ. ಆದ್ರೂ ನಾಡಿದ್ದು ನೀವೊಂದು ಸಲ ಬನ್ನಿ. ಏನೂ ಹೇಳೋದು ಬೇಡ. ನೀವು ಬಾಗಿಲಲ್ಲಿ ನಿಂತು ಏನೂ ಹೇಳದೆ ಬೀಗ ತೆಗೆದ್ರೆ ಸಾಕು, ನಾನು ಅಲ್ಲೇ ಅಡ್ವಾನ್ಸ್ ಕೊಡ್ತೀನಿ."

ಈ ಮಾತು ಹೇಗೋ ತಮ್ಮನನ್ನೂ ತಲುಪಿತ್ತು. ಮರುದಿನ ಸಂಜೆ ಕೊಂಕಕ್ಕ ಅಂಗಡಿಯ ಮೇಲಿನ ಕೋಣೆಗೆ ಹೋದಾಗ ಅವನು ಎದ್ದು ನಿಂತು ಬರಮಾಡಿಕೊಂಡ. ಕೋಣೆ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಮಂಚದ ಕಾಲಿಗೆ ಇಟ್ಟಿಗೆಯ ಕೆಂಪು ಇನ್ನೂ ಮೆತ್ತಿಕೊಂಡಿತ್ತು.

"ನಿನಗೆ ಕಷ್ಟ ಆಗೋ ಅಂಥದ್ದೇನೂ ಇಲ್ಲ ನೋಡು," ಎಂದ. "ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲ. ಸುಮ್ನಿರು ಅಂತಿದ್ದೀನಿ ಅಷ್ಟೇ."

"ಸಕ್ಕರೆ ಸುಮ್ನಿದ್ರೆ ಅದು ಸುಮ್ನಿರೋದು. ನಾನು ಸುಮ್ನಿದ್ರೆ ಅದು ಮಾತು ಕಣೋ. ಈ ಮನೇಲಿ ಏನೂ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ ಹಾಗೆ."

"ಹಾಗಾದ್ರೆ?"

"ಮನೆ ನಿನ್ನದು. ಬೇಡ ಅಂದ್ರೆ ನಾಳೆ ನಾನು ಬರಲ್ಲ. ಬಂದ್ರೆ ಮಾತ್ರ ನೀರಿನ ವಿಷಯ ಹೇಳ್ತೀನಿ. ನಿನ್ನ ಬೆನ್ನ ಹಿಂದೆ ಹೇಳಬಾರದು ಅಂತ ಈಗಲೇ ಬಂದೆ."

ಒಲೆಯ ಬಳಿಯಿದ್ದ ತಮ್ಮನ ಹೆಂಡತಿ ತಿರುಗಿದಳು. "ನಿಮಗೆ ನಿಮ್ಮ ಮಾತು ದೊಡ್ಡದು ಅತ್ತಿಗೆ. ಎತ್ತಿ ಆಡಿಸಿದ ತಮ್ಮ ಚಿಕ್ಕೋನು."

ಅದು ನಾಟಿತು. ಕೊಂಕಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ಹೇಳಬೇಕೆಂದರೆ ಹೇಳಲು ಇತ್ತು. ಆ ಮುದುಕರು ಮಲಗಬೇಕಾಗುವುದು ಹಿಂಬದಿಯ ಕೋಣೆಯಲ್ಲಿ, ಮಗಳು ರಾತ್ರಿ ಪಾಳಿಯಲ್ಲಿರುತ್ತಾಳೆ, ನೀರು ಬಂದಾಗ ಅವರಿಗೆ ಎದ್ದು ನಿಲ್ಲಲಾಗದು. ಆದರೆ ತಮ್ಮನ ನಡುಗುವ ಕೈಯ ಎದುರು ಇನ್ನೊಬ್ಬರ ಕಾಲನ್ನು ಇಟ್ಟು ತೂಗಲು ಅವಳಿಗೆ ಮನಸ್ಸಾಗಲಿಲ್ಲ.

"ಅವರಿಗೆ ಎಷ್ಟು ಅವಸರ ಇದೆ?" ತಮ್ಮ ಇದ್ದಕ್ಕಿದ್ದಂತೆ ಕೇಳಿದ. "ಅದನ್ನಾದ್ರೂ ಹೇಳು. ಯಾವ ಬೆಲೆಗೆ ನಿಲ್ಲಬೇಕು ಅಂತ ನನಗೆ ಗೊತ್ತಾಗಲಿ."

"ಅದು ಅವರ ಮಾತು."

"ಓಹೋ. ನನ್ನ ಕೈ ವಿಷಯಾನೂ ಅವರಿಗೆ ಹೇಳಿಬಿಡ್ತೀಯಾ ಹಾಗಾದ್ರೆ, ಬಾಗಿಲಲ್ಲಿ ನಿಂತು?"

"ನಿನ್ನ ಕೈ ಮನೆ ಜೊತೆ ಮಾರಾಟಕ್ಕಿಲ್ಲ ಕಣೋ."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲಿಳಿಯುವಾಗ ಬೆನ್ನ ಹಿಂದಿನಿಂದ ಅವನ ದನಿ ಬಂತು.

"ಬೆಳಗ್ಗೆ ಹತ್ತಕ್ಕೆ ಬರ್ತಾರಂತೆ. ತಡ ಮಾಡಬೇಡ."

ಬೆಳಗ್ಗೆ ಬಿಸಿಲು ಚುರುಕಾಗಿತ್ತು. ಹೊಸ ಬಣ್ಣದ ಮನೆ ತೊಳೆದ ಮುಖದಂತೆ ಹೊಳೆಯುತ್ತಿತ್ತು. ನರ್ಸ್ ತಂದೆಯ ಗಾಲಿಕುರ್ಚಿಯನ್ನು ಗೇಟಿನೊಳಗೆ ತಂದು ನಿಲ್ಲಿಸಿದಳು. ತಮ್ಮ ಕಾಂಪೌಂಡಿನ ಗೋಡೆಗೆ ಒರಗಿ, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಸಕ್ಕರೆ ಕೀಲಿಯನ್ನು ಕೊಂಕಕ್ಕನ ಕೈಗಿತ್ತು, ಯಾರ ಮುಖವನ್ನೂ ನೋಡದೆ ಪಕ್ಕಕ್ಕೆ ಸರಿದ.

ಅವಳು ಕೀಲಿಯನ್ನು ಬೀಗಕ್ಕೆ ತೂರಿಸಿದಳು. ಹಿಡಿದು ನಿಂತಳು. ಬೆನ್ನ ಹಿಂದೆ ನರ್ಸ್ ಉಸಿರು ಬಿಗಿಹಿಡಿದದ್ದು ಅವಳಿಗೆ ತಿಳಿಯಿತು. ತಿರುಗಿಸಿಬಿಟ್ಟರೆ ಮುಗಿಯಿತು. ಯಾರೂ ಅವಳನ್ನು ಸುಳ್ಳುಗಾತಿ ಎನ್ನಲಾರರು.

"ಒಳಗೆ ಹೋಗೋ ಮುಂಚೆ ಒಂದು ಮಾತು," ಎಂದಳು.

ನರ್ಸಿನ ಮುಖ ಇಳಿಯಿತು.

"ಮೆಟ್ಟಿಲಿಲ್ಲ ಅಂತ ಖುಷಿಪಟ್ಟಿರಲ್ಲ, ಇದ್ವು. ಈಗ ಈ ರಸ್ತೆ ಕೆಳಗಿವೆ. ನೋಡಿ, ಗೇಟಿನ ಕಾಲು ಎಷ್ಟು ಹೂತಿದೆ. ರಸ್ತೆ ಮೇಲೆ ಬಂದಿದೆ, ಮನೆ ಕೆಳಗೆ ಹೋಗಿದೆ. ದಿನಾ ಬರೋ ಮಳೆಗೆ ಏನೂ ಆಗಲ್ಲ. ಜೋರು ಮಳೆ ಹಿಡಿದು ಬಾರಿಸಿದ್ರೆ ನೀರು ಒಳಗೆ ಬರುತ್ತೆ. ಬಚ್ಚಲಿಂದಲೂ ಮೇಲೆ ಬರುತ್ತೆ. ಹಿಂದಿನ ಕೋಣೇಲಿ ಮೊಣಕಾಲಿನವರೆಗೆ ನಿಂತಿತ್ತು, ನಾನೇ ಬಕೆಟ್ಟಿನಲ್ಲಿ ಎತ್ತಿ ಹಾಕಿದ್ದೀನಿ. ಅದರ ಗೆರೆ ಈ ಹೊಸ ಬಣ್ಣದ ಕೆಳಗಿದೆ." ಅವಳು ಬೆರಳಿನಿಂದ ಗೋಡೆ ತಟ್ಟಿದಳು. "ಅಷ್ಟೇ. ಗೋಡೆ ಗಟ್ಟಿ. ಛಾವಣಿ ಸೋರಲ್ಲ. ಕೇಸಿಲ್ಲ. ಸ್ಮಶಾನ ಇರಲಿಲ್ಲ. ಇರೋದನ್ನ ಹೇಳಿದ್ದೀನಿ, ಇಲ್ಲದ್ದನ್ನ ಯಾರೇ ಹೇಳಿದ್ರೂ ನಂಬಬೇಡಿ."

ಮುದುಕರು ಕುರ್ಚಿಯಿಂದ ತಲೆಯೆತ್ತಿ ತಮ್ಮನ ಕಡೆ ನೋಡಿದರು. "ಅದಕ್ಕೇನಾ ಮಾರ್ತಿರೋದು?"

"ಯಾಕೆ ಮಾರ್ತಾನೆ ಅನ್ನೋದು ಮನೆ ಮಾತಲ್ಲ ಯಜಮಾನರೇ, ಮನೆಯವರ ಮಾತು," ಎಂದಳು ಕೊಂಕಕ್ಕ. "ಅದನ್ನ ನಾನು ಹೇಳಲ್ಲ. ನಿಮ್ಮ ಮಾತನ್ನೂ ಅವನಿಗೆ ಹೇಳಿಲ್ಲ. ಕೇಳಿದ್ದ."

ತಮ್ಮ ಗೋಡೆಯಿಂದ ಬೆನ್ನು ತೆಗೆದ. "ನೀರಿಗೆ ಹೆದರಿ ಅಲ್ಲ. ಬೇರೆ ಕಾರಣ," ಎಂದ, ನೆಲ ನೋಡುತ್ತಾ.

ಕೀಲಿ ತಿರುಗಿತು. ಮುದುಕರು ತಾವೇ ಗಾಲಿ ತಿರುಗಿಸಿಕೊಂಡು, ನಡುಮನೆ ದಾಟಿ ಹಿಂಬದಿಯ ಕೋಣೆಗೆ ಹೋದರು. ಕಿಟಕಿಯ ಬಿಸಿಲು ಅವರ ಮಡಿಲಿನ ಮೇಲೆ ಬಿತ್ತು. ಅಲ್ಲೇ ಸ್ವಲ್ಪ ಹೊತ್ತು ಕುಳಿತರು. ನರ್ಸ್ ಬಗ್ಗಿ ಗೋಡೆಯ ಮೇಲೆ ಬೆರಳಾಡಿಸಿ, ಕಾಣದ ಗೆರೆಯನ್ನು ಹುಡುಕುವವಳಂತೆ ಮೂಲೆಯವರೆಗೂ ಹೋದಳು.

"ಅಪ್ಪಾ, ನೆಲ ಎತ್ತಿಸಬಹುದೇನೋ," ಎಂದಳು ಮೆಲ್ಲಗೆ.

"ಎತ್ತಿಸೋವರೆಗೆ ಎಲ್ಲಿರೋದು ಮಗಳೇ? ಅದಕ್ಕೆ ಬೇರೆ ದುಡ್ಡು ಎಲ್ಲಿಂದ ತರ್ತೀಯಾ?" ಅವರು ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದರು. "ಮೊಣಕಾಲು ಅಂದ್ರೆ ನಿಂತಿರೋರಿಗೆ ಮೊಣಕಾಲು. ಮಲಗಿರೋನಿಗೆ ಮೂಗು. ನಡಿ."

ರಸ್ತೆಗೆ ಬಂದ ಮೇಲೆ ನರ್ಸ್ ಕೊಂಕಕ್ಕನ ಎದುರು ನಿಂತಳು. ಕಣ್ಣು ತುಂಬಿತ್ತು. "ಎಂಥ ಮನೆ ಕೆಡಿಸಿಬಿಟ್ರಿ ಅಕ್ಕ," ಎಂದಳು. ಅಂದವಳು ಅವಳ ಮುಂಗೈ ಹಿಡಿದು, ಬಿಡಲು ಮರೆತವಳಂತೆ ಸ್ವಲ್ಪ ಹೊತ್ತು ಹಾಗೇ ನಿಂತಳು.

ಬಾಗಿಲು ಹಾಕಿದ್ದು ತಮ್ಮ. ಕೀಲಿಯನ್ನು ಬೀಗದ ಬಾಯಿಗೆ ಹಿಡಿದ. ಅದು ಒಳಗೆ ಹೋಗದೆ ಬೀಗದ ಸುತ್ತ ಕಟಕಟನೆ ಬಡಿಯಿತು. ಸಕ್ಕರೆ ಕೈ ನೀಡಲು ಹೋದ. ಕೊಂಕಕ್ಕ ಕಣ್ಣಿನಲ್ಲೇ ತಡೆದಳು. ಕೀಲಿ ತನ್ನ ದಾರಿ ಕಂಡುಕೊಳ್ಳುವವರೆಗೆ ಅವರಿಬ್ಬರೂ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಬೀಗ ಬಿದ್ದ ಮೇಲೆ ತಮ್ಮ ಅಕ್ಕನ ಪಕ್ಕದಿಂದಲೇ ಹಾದು ಹೋದ. ಮಾತಾಡಲಿಲ್ಲ. ಆ ದಿನವಷ್ಟೇ ಅಲ್ಲ, ಮುಂದಿನ ಹಲವು ವಾರವೂ ಆಡಲಿಲ್ಲ.

ಅವಳು ಎಂದಿನಂತೆ ಮನೆ ತೋರಿಸುತ್ತಿದ್ದಳು, ಎಂದಿನಂತೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆದರೆ ದಾರಿಯಲ್ಲಿ ಗಾಜಿನ ಅಂಗಡಿ ಬಂದರೆ ಎದುರಿನ ಬದಿಗೆ ದಾಟಿಕೊಳ್ಳುತ್ತಿದ್ದಳು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಎದೆಯ ಭಾರ ಇಳಿದಿರಲಿಲ್ಲ.

ಬಾಗಿಲ ಮಾತು ಮಾತ್ರ ಅಲ್ಲಿಗೇ ನಿಂತಿರಲಿಲ್ಲ. ನರ್ಸ್ ಆಸ್ಪತ್ರೆಯಲ್ಲಿ ಹೇಳಿದಳು, ಮುದುಕರು ತಮ್ಮನ್ನು ಹೊತ್ತಿಳಿಸುವವರಿಗೆ ಹೇಳಿದರು. ಅದು ಊರು ಸುತ್ತಿತು. ಮನೆ ನೋಡಲು ಬಂದವರು ಈಗ ಸ್ಮಶಾನದ ಸುದ್ದಿ ಎತ್ತಲಿಲ್ಲ, "ನೀರು ಬರೋ ಮನೆ ಇದೇನಾ?" ಎಂದು ಕೇಳಿದರು.

"ಈಗ ಆ ಮನೆಗೆ ಒಂದೇ ಕುಂದು ಅಕ್ಕ," ಎಂದ ಸಕ್ಕರೆ ಬೆಂಚಿನ ಮೇಲೆ ಆರಾಮಾಗಿ ಕಾಲು ಚಾಚಿ. "ಮೊದಲು ನೂರಿತ್ತು. ನಾನೇ ಬಾಗಿಲಲ್ಲಿ ನಿಂತು ಹೇಳಿಬಿಡ್ತೀನಿ. ಮೊದಮೊದಲು ನಾಲಿಗೆ ತಿರುಗ್ತಿರಲಿಲ್ಲ ನೋಡು. ರಸ್ತೆ ಎತ್ತರದಲ್ಲಿದೆ, ನೋಟ ಚೆನ್ನಾಗಿದೆ ಅಂದುಬಿಟ್ಟಿದ್ದೆ."

ಈ ಸಲ ಅವಳು ನಕ್ಕಳು.

ಮನೆ ಕೊಂಡದ್ದು ಗಾರೆ ಕೆಲಸದ ಒಬ್ಬ ಮೇಸ್ತ್ರಿ. ಒಳಗೆಲ್ಲ ಓಡಾಡಿ, ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, "ನೆಲ ಎತ್ತೋದು ನನಗೆ ಎಡಗೈ ಕೆಲಸ. ಮೆಟ್ಟಿಲೂ ಮತ್ತೆ ಹುಟ್ಟುತ್ತೆ," ಎಂದನಂತೆ. ಎತ್ತುವ ಖರ್ಚನ್ನು ಮುರಿದುಕೊಂಡೇ ಬೆಲೆ ಹೇಳಿದ. ತಮ್ಮ ಆಸೆಪಟ್ಟಷ್ಟು ಬರಲಿಲ್ಲ. ಹೊಸ ಮೆಷಿನ್ನಿನ ಬದಲು, ಯಾರೋ ಬಳಸಿ ಬಿಟ್ಟ ಹಳೆಯದು ಬಂತು.

ಅದು ಬಂದ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ಒಂದು ದಿನ ಎದುರಿನ ಬದಿಯಲ್ಲಿ ನಡೆಯುತ್ತಿದ್ದಾಗ ಅಂಗಡಿಯಿಂದ ಆ ಸದ್ದು ಕೇಳಿತು. ಕಾಗದ ಹರಿದಂಥ, ಎಲ್ಲೂ ತಡವರಿಸದ ಸದ್ದು. ನಿಂತು ಇನ್ನೊಮ್ಮೆ ಕೇಳಿಸಿಕೊಂಡು ಮುಂದೆ ಹೋದಳು.

ಮುಂದಿನ ಭಾನುವಾರ ತಮ್ಮ ಮತ್ತು ಅವನ ಹೆಂಡತಿ ಹಳೆಯ ಕಂಬಳಿಯಲ್ಲಿ ಸುತ್ತಿದ ಏನನ್ನೋ ಎರಡು ಕಡೆಯಿಂದ ಹಿಡಿದುಕೊಂಡು ಅವಳ ಮನೆಯ ಮುಂದೆ ನಿಂತಿದ್ದರು. ಬಿಚ್ಚಿದರೆ ಗಾಜು. ಅಳತೆ ಯಾವಾಗ ತೆಗೆದುಕೊಂಡರೋ. ರಟ್ಟಿನ ಕಿಟಕಿಗೆ ಸರಿಯಾಗಿ ಕೂರುವಷ್ಟಿತ್ತು.

"ಹಾಗೇ ನಿಂತಿರಬೇಡಿ ಅತ್ತಿಗೆ, ಹಿಡ್ಕೊಳ್ಳಿ. ಅವರ ಕಡೆ ಸ್ವಲ್ಪ ಆಡುತ್ತೆ," ಎಂದಳು ತಮ್ಮನ ಹೆಂಡತಿ. ಕೋಪ ಪೂರ್ತಿ ಹೋದ ದನಿಯಲ್ಲ. ಆದರೆ ಅತ್ತಿಗೆ ಎಂದಿದ್ದಳು.

ಕೊಂಕಕ್ಕ ಕೈ ಚಾಚಿದಳು. ತಮ್ಮ ತಕ್ಷಣ ಬಿಡಲಿಲ್ಲ. ಅವನ ನಡುಕ ಗಾಜಿನಲ್ಲಿ ಹರಿದು ಅವಳ ಬೆರಳಿಗೆ ತಾಗುತ್ತಿತ್ತು.

"ಕೊಡೋ ಮುಂಚೆ ಒಂದು ಮಾತು," ಎಂದ ಅವನು, ಅವಳ ಮುಖ ನೋಡದೆ. "ಕೆಳಗಿನ ಮೂಲೇಲಿ ಸಣ್ಣ ಗೀರಿದೆ. ಹಳೇ ಮೆಷಿನ್ನು, ಒಂದು ಕಡೆ ಉಜ್ಜುತ್ತೆ."

"ಎಲ್ಲಿ?"

ಅವನು ನಡುಗುವ ಬೆರಳಿನಿಂದ ತೋರಿಸಿದ. ಅವಳು ಬಗ್ಗಿ ನೋಡಿದಳು. ಗೀರು ಇತ್ತು, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವಂಥದ್ದು.

"ಇರಲಿ," ಎಂದಳು. "ಕೂರಿಸು."

ರಟ್ಟು ತೆಗೆದಾಗ ನಡುಮನೆಗೆ ಬೆಳಕು ನುಗ್ಗಿತು. ಎಷ್ಟು ಧೂಳಿತ್ತೆಂದು ಆಗ ಗೊತ್ತಾಗಿ ಮೂವರೂ ಕೆಮ್ಮಿದರು. ಮಧ್ಯಾಹ್ನಕ್ಕೆ ಅವಳಿಗೆ ಕೆಲಸವಿತ್ತು. ನರ್ಸ್ ಮತ್ತು ಅವಳ ತಂದೆಗೆ ಇನ್ನೂ ಮನೆ ಸಿಕ್ಕಿರಲಿಲ್ಲ. ಮುದುಕರು ಇನ್ನೂ ಆ ಎರಡನೆಯ ಮಹಡಿಯಿಂದಲೇ ಹೊರಿಸಿಕೊಂಡು ಇಳಿಯುತ್ತಿದ್ದರು. ಬೀದಿಯ ಆ ತುದಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಾಗಲಿದೆ ಎಂದು ಸಕ್ಕರೆ ಹೇಳಿದ್ದ. ತಮ್ಮ ಗಾಜಿನ ಅಂಚಿಗೆ ಮೊಳೆ ಹೊಡೆಯುತ್ತಿರುವಾಗಲೇ ಅವಳು ಒಂದು ಬಕೆಟ್ಟು ಎತ್ತಿಕೊಂಡು ಹೊರಟಳು.

"ಬಕೆಟ್ಟು ಯಾಕೆ ಅತ್ತಿಗೆ?" ಎಂದಳು ತಮ್ಮನ ಹೆಂಡತಿ.

"ಅವರನ್ನ ಕರೆಯೋ ಮುಂಚೆ ಬಾಗಿಲಲ್ಲಿ ನೀರು ಸುರಿದು ನೋಡ್ತೀನಿ," ಎಂದಳು ಕೊಂಕಕ್ಕ, ಚಪ್ಪಲಿ ಮೆಟ್ಟುತ್ತಾ. "ಒಳಗೆ ಹೋಗುತ್ತೋ, ಹೊರಗೆ ಹೋಗುತ್ತೋ."